ಜಾಜ್ ಮೇಷ್ಟ್ರ ಗಿಟಾರ್ ಮನೆಯಲ್ಲೇ ಉಳಿದಾಗ

ಬಡಾವಣೆಗೆಲ್ಲ ಜಾಜ್ ರುಚಿ ಹತ್ತಿಸಿದ ಮೇಷ್ಟ್ರು ಹೋದರು. ಅವರ ಆರ್ಚ್‌ಟಾಪ್ ಗಿಟಾರ್ (ಮೇಲ್ಮೈ ಕಮಾನಿನಂತೆ ಉಬ್ಬಿರುವ ಗಿಟಾರ್) ಉಳಿದಿದೆ. ನೆನಪಿಗೆಂದು ಗೋಡೆಗೆ ನೇತುಹಾಕಬೇಡಿ. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ಮರ ಸೀಳಬಹುದು, ಮಳೆಗಾಲದಲ್ಲಿ ಉಬ್ಬಬಹುದು. ಗಟ್ಟಿ ಪೆಟ್ಟಿಗೆಯೊಳಗಿಡಿ, ತೇವಾಂಶ ಶೇ. 45–55 ಇರಲಿ.

ತಂತಿ ಬದಲಿಸುವಾಗ ಒಂದೊಂದಾಗಿಯೇ ಬಿಚ್ಚಿ. ಇಂಥ ಬಹುತೇಕ ಗಿಟಾರ್‌ಗಳಲ್ಲಿ ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ) ಅಂಟಿಸಿರುವುದಿಲ್ಲ, ತಂತಿಗಳ ಒತ್ತಡಕ್ಕಷ್ಟೇ ನಿಂತಿರುತ್ತದೆ. ಆರನ್ನೂ ಒಟ್ಟಿಗೆ ತೆಗೆದರೆ ಅದು ಜಾರಿ ಶ್ರುತಿ ಕೆಡುತ್ತದೆ. ಜಾರಿದ್ದರೆ 12ನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡಪಟ್ಟಿ) ಒತ್ತಿದ ಸ್ವರವನ್ನು ಅಲ್ಲಿನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಮೀಟಿದಾಗ ಬರುವ ಸ್ವರ) ಜೊತೆ ಹೋಲಿಸಿ: ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜನ್ನು ಟೇಲ್‌ಪೀಸ್ (ತಂತಿಗಳ ತುದಿ ಸಿಕ್ಕಿಸಿರುವ ಭಾಗ) ಕಡೆಗೆ, ಇಳಿದಿದ್ದರೆ ಕತ್ತಿನ ಕಡೆಗೆ ಕೂದಲೆಳೆಯಷ್ಟು ಸರಿಸಿ.

12ರ (ಅತಿ ತೆಳು ತಂತಿ 0.012 ಇಂಚು ದಪ್ಪ) ಫ್ಲಾಟ್‌ವೌಂಡ್ ಸೆಟ್, ಅಂದರೆ ಚಪ್ಪಟೆ ಸುತ್ತಿನ ತಂತಿಗಳನ್ನು ಹಾಕಿ. ಸಪೂರ 9ರ ತಂತಿಗೆ ಜಾಜ್‌ನ ಆ ದುಂಡು ದನಿ ಬರುವುದೇ ಇಲ್ಲ. ಹೊಳಪಿಗೆಂದು ಪಾಲಿಶ್ ಹಿಡಿದು ಬರುವ ಉತ್ಸಾಹಿ ನೆಂಟರನ್ನು ದೂರವಿಡಿ. ಒಣ ಹತ್ತಿಬಟ್ಟೆ ಸಾಕು.