1:6 ಪರ್ವತ ಹೊವಿಟ್ಜರ್: ನಳಿಗೆ ಮುಗಿಯಿತು, ಗಾಡಿ ಬಾಕಿ

ಮಾದರಿ ಅಮೆರಿಕದ 1841ರ ಹನ್ನೆರಡು ಪೌಂಡಿನ (ಇದು ಗುಂಡಿನ ಲೆಕ್ಕ, ನಳಿಗೆಯ ತೂಕವಲ್ಲ) ಪರ್ವತ ಹೊವಿಟ್ಜರ್. ಬಿಚ್ಚಿ ಹೇಸರಗತ್ತೆಗಳ ಬೆನ್ನಿಗೆ ಹೇರುತ್ತಿದ್ದ ಫಿರಂಗಿ. ಮೂಲದ ನಳಿಗೆ 37.21 ಇಂಚು ಉದ್ದ, ಒಳವ್ಯಾಸ 4.62 ಇಂಚು, ತೂಕ ಸುಮಾರು 220 ಪೌಂಡು. ನಮ್ಮ ಆರನೇ ಒಂದರ ಅಳತೆಗೆ ಇಳಿಸಿದರೆ ಉದ್ದ 157.5 ಮಿ.ಮೀ., ಒಳವ್ಯಾಸ 19.6. ಸರಳು 40 ಮಿ.ಮೀ. ತವರದ ಕಂಚು, ಮೂಲದಲ್ಲೂ ತಾಮ್ರ 90, ತವರ 10. ಅಂಗಡಿಯಲ್ಲಿ ಹಿತ್ತಾಳೆ ಕೊಟ್ಟರೆ ಒಪ್ಪಬೇಡಿ, ಬಣ್ಣವೇ ಬೇರೆ.

ಈ ನಳಿಗೆಯ ಗುಟ್ಟು ಹಿಂಭಾಗದ ಮದ್ದಿನ ಕೋಣೆ. ಮದ್ದು ಬರೀ ಅರ್ಧ ಪೌಂಡು. ಪೂರ್ತಿ ಅಗಲದ ನಳಿಗೆಯಲ್ಲಿ ಅದು ತೆಳ್ಳಗೆ ಹರಡಿಕೊಳ್ಳುತ್ತದೆ. ಅದಕ್ಕೇ ಕೋಣೆಯ ವ್ಯಾಸ 3.34 ಇಂಚು, ಆಳ 2.75. ನಮಗೆ 14.1 ಮತ್ತು 11.6 ಮಿ.ಮೀ.

ಹಾಗಾಗಿ ಮೊದಲು 14ರ ಡ್ರಿಲ್, ಕೋಣೆಯ ಕೊನೆಯವರೆಗೆ. ಕಂಚು ಡ್ರಿಲ್ಲನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಡ್ರಿಲ್ಲಿನ ಎರಡೂ ಬಾಯಂಚುಗಳನ್ನು ಸಾಣೆಕಲ್ಲಿನಿಂದ ಒಂದಿಷ್ಟು ಚಪ್ಪಟೆ ಮಾಡದಿದ್ದರೆ ಲೇತಿನ ಚಕ್ಕಿನಲ್ಲಿ (ಹಿಡಿಕೆಯಲ್ಲಿ) ಸರಳೇ ತಿರುಗಿಬಿಡುತ್ತದೆ. ಆಮೇಲೆ 19ರ ಡ್ರಿಲ್, ಕೋಣೆಯ 11.6 ಉಳಿಸಿ.

ಉಳಿದ 0.6ಕ್ಕೆ ಬೋರಿಂಗ್ ಬಾರ್ (ತುದಿಯಲ್ಲಿ ಉಳಿ ಇರುವ, ರಂಧ್ರ ಅಗಲಿಸುವ ಸಲಾಕೆ) ಹಾಕಿದ್ದು ತಪ್ಪು. ಸುಮಾರು 13 ಸೆಂ.ಮೀ. ಆಳಕ್ಕೆ 16 ಮಿ.ಮೀ. ಬಾರ್ ಎಂದರೆ ದಪ್ಪದ ಎಂಟು ಪಟ್ಟು ಹೊರಚಾಚು. ಅದು ನಡುಗಿ ಒಳಗೋಡೆ ತುಂಬ ಅಲೆ ಮೂಡಿತು. ಪುಣ್ಯಕ್ಕೆ ಅಳತೆ ಇನ್ನೂ 19.3. ಸಿಲ್ವರ್ ಸ್ಟೀಲಿನಲ್ಲಿ (ಹೆಸರಿಗಷ್ಟೇ ಬೆಳ್ಳಿ, ಉಪಕರಣದ ಉಕ್ಕು) 19.6ರ ಡಿ-ಬಿಟ್, ಅಂದರೆ ತುದಿಯನ್ನು ಅರ್ಧಕ್ಕೆ ಸವೆಸಿದ ಕೊರೆಯುವ ಸರಳು, ಕಡೆದು, ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದಿ, ಒಣಹುಲ್ಲಿನ ಬಣ್ಣಕ್ಕೆ ಹದ ಇಳಿಸಿ ಬಳಸಿದ್ದಾಯಿತು. ಅದು ಹಿಡಿದ ದಾರಿ ಬಿಡುವುದಿಲ್ಲ. ಆದ್ದರಿಂದ ಬಾಯಿಯ ಮೊದಲ 20 ಮಿ.ಮೀ. ನೇರವಾಗಿ, ಸರಿಯಳತೆಗೆ ಬೋರ್ ಆಗಿರಲೇಬೇಕು. ಐದೈದು ಮಿ.ಮೀ.ಗೆ ಹೊರಗೆಳೆದು ಚೂರು ತೆಗೆಯಿರಿ.

ಟ್ರನಿಯನ್‌ಗಳು, ಅಂದರೆ ನಳಿಗೆಯನ್ನು ಗಾಡಿಯ ಮೇಲೆ ಹೊರುವ ಎರಡು ಪಕ್ಕದ ಗೂಟಗಳು, ಬೇರೆ ತುಂಡುಗಳು. ಅಲ್ಲಿ ಗೋಡೆ ಸುಮಾರು 4.5 ಮಿ.ಮೀ. ಮಾತ್ರ, ತಿರುಪಿನ ರಂಧ್ರವನ್ನು 3ಕ್ಕೇ ನಿಲ್ಲಿಸಿದೆವು. ಬೆಳ್ಳಿ ಬೆಸುಗೆ ಬೇಡವೆಂದು ಅಂಟಿನ ಮೇಲೆ ಬಿಗಿದಿದ್ದೇವೆ: ಅಷ್ಟು ಶಾಖಕ್ಕೆ ಸಿದ್ಧವಾದ ನಳಿಗೆ ಮೆದುವಾಗುತ್ತದೆ. ಇದು ಕಪಾಟಿನ ಮಾದರಿ, ಬತ್ತಿ ರಂಧ್ರ 2 ಮಿ.ಮೀ. ಆಳದ ಕುರುಡು ಗುಳಿ, ಕೋಣೆ ಮುಟ್ಟುವುದಿಲ್ಲ.

ಕೊನೆಯ ಪರೀಕ್ಷೆ ತಕ್ಕಡಿ. ಉದ್ದ ಆರನೇ ಒಂದಾದರೆ ತೂಕ 216ನೇ ಒಂದು, ಅಂದರೆ 460 ಗ್ರಾಂ ಸುಮಾರು. ಬಂದದ್ದು 471. ಹೊರಮೈಯಲ್ಲಿ 0.08 ಮಿ.ಮೀ. ಹೆಚ್ಚಿದ್ದರೂ ಇಷ್ಟಾಗುತ್ತದೆ, ಉಜ್ಜುಕಾಗದಕ್ಕೆ ಒಂದಷ್ಟು ಬಿಟ್ಟದ್ದೇ ಅದು.

ಮುಂದೆ ಚಕ್ರ: ಮೂಲ 38 ಇಂಚು, ನಮಗೆ 161 ಮಿ.ಮೀ.