ಸುಕ್ಕಾಗಿದೆ ಅಂತ ನೀರು ಹಾಕಿ 9 ಗಿಡ ಕಳ್ಕೊಂಡೆ

ನಾನು ಕೆಲಸ ಮಾಡೋದು ಒಂದು ಸಸ್ಯತೋಟದ ಗ್ಲಾಸ್‌ಹೌಸಲ್ಲಿ, ಮರುಭೂಮಿ ಗಿಡಗಳ ವಿಭಾಗ. ಸೇರಿದ ಮೊದಲ ವರ್ಷ ಲಿಥಾಪ್ಸ್ ಟ್ರೇ ಒಂದನ್ನ ನನ್ನ ಕೈಗೆ ಕೊಟ್ಟಿದ್ರು. ನೋಡದೇ ಇರೋರಿಗೆ ಹೇಳ್ತೀನಿ, ಇದು ದಕ್ಷಿಣ ಆಫ್ರಿಕಾ, ನಮೀಬಿಯಾ ಕಡೆ ಗಿಡ, ಥೇಟ್ ಬೆಣಚುಕಲ್ಲಿನ ಥರಾನೇ ಇರತ್ತೆ, ಎರಡೇ ಎರಡು ದಪ್ಪ ಎಲೆ, ನಡುವೆ ಒಂದು ಸೀಳು. 1811ರಲ್ಲಿ ವಿಲಿಯಂ ಬರ್ಚೆಲ್ ಅನ್ನೋ ಸಸ್ಯಶಾಸ್ತ್ರಜ್ಞ ಯಾವ್ದೋ ವಿಚಿತ್ರ ಕಲ್ಲು ಅಂದ್ಕೊಂಡು ನೆಲದಿಂದ ಎತ್ತಿದಾಗ್ಲೇ ಅವರಿಗೂ ಇದು ಗಿಡ ಅಂತ ಗೊತ್ತಾಗಿದ್ದು.

ಒಂದಿನ ಬೆಳಿಗ್ಗೆ ನೋಡ್ತೀನಿ, ಎಲೆಗಳೆಲ್ಲ ಸುಕ್ಕುಗಟ್ಟಿ ಮೆತ್ತಗಾಗಿವೆ. ಪಾಪ ನೀರಿಲ್ಲದೆ ಸೊರಗಿವೆ ಅಂತ ಧಾರಾಳವಾಗಿ ಹಾಕ್ದೆ, ಮೂರು ದಿನ ಬಿಟ್ಟು ಇನ್ನೊಂದ್ಸಲ ಹಾಕ್ದೆ, ಸ್ವಲ್ಪ ದಿನಕ್ಕೆ ಎಲೆ ಊದಿ ಮೈ ಬಿರಿತು, ಬುಡ ಕಂದುಬಣ್ಣಕ್ಕೆ ತಿರುಗಿ ಕೊಳೆತ ವಾಸನೆ ಬಂತು. 9 ಗಿಡ ಹೋದ್ವು. ತುಂಬಾ ನೋವಾಯ್ತು.

ನಮ್ಮ ಸೀನಿಯರ್ ಮೇಡಂ ಬೈಲಿಲ್ಲ. ಹೋದ ಗಿಡಗಳಲ್ಲಿ ಇನ್ನೂ ಸ್ವಲ್ಪ ಗಟ್ಟಿ ಇದ್ದ ಒಂದನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ, "ನೋಡಪ್ಪಾ ಇಲ್ಲಿ" ಅಂದ್ರು. ಒಳಗೆ ಪುಟ್ಟದಾಗಿ ಹೊಸ ಜೋಡಿ ಎಲೆ, ಹಳೇ ಜೋಡಿಗೆ ಅಡ್ಡಡ್ಡವಾಗಿ. ಹೊಸದು ಬೆಳೆಯೋದು ಹಳೇ ಎಲೆಯಲ್ಲಿರೋ ನೀರನ್ನೇ ಹೀರಿಕೊಂಡು, ಅದಕ್ಕೇ ಹಳೇದು ಸುಕ್ಕಾಗ್ತಿತ್ತು. ಆ ಟೈಮಲ್ಲಿ ನೀರು ಕೊಟ್ರೆ ಹಳೇದು ಖಾಲಿ ಆಗೋದೇ ಇಲ್ಲ, ಒಳಗಿನ ಹೊಸದಕ್ಕೆ ಜಾಗ ಸಿಗಲ್ಲ. ಅದೇ ಸೀಳಲ್ಲಿ ಇನ್ನೊಂದು ಕಾಣಿಸ್ತು, ಎಲೆ ತುದಿ ಮಬ್ಬು ಗಾಜಿನ ಹಾಗಿದೆ, ನಡುವೆಯೆಲ್ಲ ನೀರು ತುಂಬಿದ ತಿಳಿ ಅಂಗಾಂಶ, ಹಸಿರು ಇರೋದು ಒಳಗೋಡೆಯ ಅಂಚಲ್ಲಿ. ಗಿಡದ ಮೈ ಮುಕ್ಕಾಲು ಮಣ್ಣೊಳಗೆ ಹೂತಿರತ್ತಲ್ಲ, ಬೆಳಕು ಮೇಲಿನ ಆ ಕಿಟಕಿಯಿಂದ ಇಳಿದು ಅಲ್ಲಿಗೆ ಮುಟ್ಟತ್ತೆ!

ಗ್ಲಾಸ್‌ಹೌಸ್ ರಾತ್ರಿ ತಣ್ಣಗಿರ್ಬೇಕು ಅಂತ ಅವರು ಯಾಕೆ ಅಷ್ಟು ಹಠ ಮಾಡ್ತಿದ್ರು ಅನ್ನೋದೂ ಆಮೇಲೆ ಅರ್ಥ ಆಯ್ತು. ಇಂಥ ಗಿಡಗಳು ಹಗಲು ಪತ್ರರಂಧ್ರ (ಎಲೆಯ ಸಣ್ಣ ಸಣ್ಣ ತೂತು) ಮುಚ್ಕೊಂಡು ರಾತ್ರಿ ತಂಪಲ್ಲಿ ತೆಗೀತವೆ, ಆಗ ತಗೊಂಡ ಕಾರ್ಬನ್ ಡೈಆಕ್ಸೈಡನ್ನ ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಹಗಲು ಬಿಸಿಲಲ್ಲಿ ಬಳಸ್ತವೆ, ನೀರು ಆವಿಯಾಗೋದು ಎಷ್ಟೋ ತಪ್ಪತ್ತೆ. ಹೀಗೇ ಮಾಡೋ ಜೇಡ್ ಗಿಡದ ಎಲೆ ಜಜ್ಜಿ, ಹುಳಿ ಎಷ್ಟಿದೆ ಅಂತ ತೋರಿಸೋ ಪಿಎಚ್ ಪೇಪರಿಗೆ ಒತ್ತಿ ನೋಡಿ, ಬೆಳಗಿನ ಜಾವದ ಎಲೆ ಸಂಜೆ ಎಲೆಗಿಂತ ಹುಳಿ ಇರತ್ತೆ. ಇದನ್ನ ಕೆಲಸಕ್ಕೆ ಸೇರೋ ಎಲ್ಲರಿಗೂ ಮೊದಲ ವಾರದಲ್ಲೇ ಮಾಡಿಸ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಒಣ ನೆಲದ ಜೀವ ಅಂದ್ರೆ ನೀರು ಸಿಕ್ಕಿದಾಗೆಲ್ಲ ಹೀರ್ಕೊಳ್ಳತ್ತೆ ಅಂದ್ಕೊಂಡಿದ್ದೆ. ಒಂಟೆಗೆ ಅದು ಸರಿ, ಬಾಯಾರಿದ ಒಂಟೆ ಹತ್ತು ಹದಿನೈದು ನಿಮಿಷದಲ್ಲಿ 100 ಲೀಟರ್ ಕುಡೀಬಲ್ಲದು, ಅದರ ಕೆಂಪು ರಕ್ತಕಣ ಮೊಟ್ಟೆಯಾಕಾರ, ಎರಡು ಪಟ್ಟು ಉಬ್ಬಿದ್ರೂ ಒಡೆಯಲ್ಲ. ಸಗುವಾರೊ ಕಳ್ಳಿ ಮೈಯಲ್ಲಿ ನಿರಿಗೆಗಳಿವೆ, ಮಳೆ ಬಂದ್ರೆ ಬಿಚ್ಕೊಂಡು ಹಿಗ್ಗತ್ತೆ. ಲಿಥಾಪ್ಸ್‌ಗೆ ಹಿಗ್ಗೋ ಜಾಗಾನೇ ಕಮ್ಮಿ, ಅದರ ಉಪಾಯ ಬೇರೆ.

ಉಳಿದ 5 ಗಿಡಕ್ಕೆ ಮುಂದಿನ ಎರಡು ತಿಂಗಳು ಹನಿ ನೀರು ಹಾಕ್ಲಿಲ್ಲ, ದಿನಾ ಬೆಳಿಗ್ಗೆ ಹೋಗಿ ಬೆರಳಲ್ಲಿ ಮೆಲ್ಲಗೆ ಮುಟ್ಟಿ ಬರ್ತಿದ್ದೆ ಅಷ್ಟೇ. ಒಂದು ಸೋಮವಾರ ಹಳೇ ಎಲೆ ಕಾಗದದ ಥರ ಪರಪರ ಅಂತ ಕೈಗೇ ಕಿತ್ಕೊಂಡು ಬಂತು, ಒಳಗೆ ಹೊಸ ಜೋಡಿ ಕಲ್ಲಿನಷ್ಟು ಗಟ್ಟಿ. ಆವತ್ತು ನೀರು ಹಾಕ್ದೆ.