ಡೊಂಬಿವಲಿಯ ಬಳಗದ ಮನೆಗೆ ಮೊದಲ ಸಲ

ಅಜ್ಜಿಯ ತಂಗಿ ಮದುವೆಯಾಗಿ ಮುಂಬಯಿಗೆ ಹೋದಳು. ಆಕೆ ಇರುವತನಕ ಕಾಗದ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೆ ಕಡಿದುಹೋದ ಎಳೆ ಒಂದಾದರೂ ಇದೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳೆಲ್ಲ ಮುಂಬಯಿ ರಾಜ್ಯದಲ್ಲೇ ಇದ್ದವು. ಗಿರಣಿಗೋ ರೈಲ್ವೆಗೋ ಕೆಲಸಕ್ಕೆ ಹೋದವರು ಪರರಾಜ್ಯಕ್ಕೆ ಹೋಗಲಿಲ್ಲ, ತಮ್ಮದೇ ರಾಜಧಾನಿಗೆ ಹೋದರು. ಈಗ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿರುವ ಅವರ ಮೊಮ್ಮಕ್ಕಳ ಫೋನ್ ನಂಬರ್ ಹೇಗೋ ಸಿಗುತ್ತದೆ, ‘ಒಂದು ರವಿವಾರ ಬರ್ರಿ’ ಅನ್ನುತ್ತಾರೆ. ಆ ರವಿವಾರ ಸರಿಯಾಗಿ ನಡೆಯಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಊರಲ್ಲೇ ಮುಗಿದಿರಬೇಕು.

ಮೊದಲು ಸಂಬಂಧ ಬಿಡಿಸಿಕೊಳ್ಳಬೇಕು. ‘ಏನೋ ದೂರದ ಬಳಗ’ ಅಂದುಕೊಂಡು ಹೊರಟರೆ ಬಾಗಿಲಲ್ಲೇ ತೊಡಕು. ಲೆಕ್ಕ ಮೇಲಿನಿಂದ ಕೆಳಗೆ, ಒಂದೊಂದೇ ಮೆಟ್ಟಿಲು. ಇಬ್ಬರು ಅಜ್ಜಿಯರು ಅಕ್ಕತಂಗಿಯರು ಅನ್ನಿ. ಅವರ ಮಕ್ಕಳೆಲ್ಲ ಪರಸ್ಪರ ಅಣ್ಣತಮ್ಮ, ಅಕ್ಕತಂಗಿ. ನಿಮ್ಮ ತಂದೆ ಈ ಕಡೆ, ಅವರ ತಾಯಿ ಆ ಕಡೆ ಇದ್ದರೆ ಆಕೆ ನಿಮಗೆ ಅತ್ತೆ, ಆಕೆಯ ಮಗ ಭಾವ ಅಥವಾ ಮೈದುನ. ಎರಡೂ ಕಡೆ ಗಂಡಸರಿದ್ದರೆ ಅವರು ದೊಡ್ಡಪ್ಪ ಇಲ್ಲವೇ ಕಾಕಾ, ಅವರ ಮಗ ನಿಮಗೆ ಅಣ್ಣನೋ ತಮ್ಮನೋ. ವಯಸ್ಸು ನೋಡಿ ಊಹಿಸಬಾರದು. ನಿಮಗಿಂತ ಹತ್ತು ವರ್ಷ ಚಿಕ್ಕವನು ಕಾಕಾ ಆಗಿರಬಹುದು. ಮುಂಬಯಿಯಲ್ಲಿ ಬೆಳೆದವರ ಕಿವಿಗೆ ಕೆಲವು ಮಾತು ಬೇರೆಯಾಗಿ ಬೀಳುತ್ತವೆ ಅನ್ನುವುದೂ ನೆನಪಿರಲಿ. ಮರಾಠಿಯಲ್ಲಿ ‘ಭಾವು’ ಎಂದರೆ ಅಣ್ಣತಮ್ಮ, ನಮ್ಮ ‘ಭಾವ’ ಅಲ್ಲ. ತಂದೆಯ ಅಕ್ಕತಂಗಿಗೆ ಅವರು ‘ಆತ್ಯಾ’ ಅನ್ನುತ್ತಾರೆ, ಗಂಡನ ತಾಯಿಗೆ ‘ಸಾಸೂ’. ನಮ್ಮಲ್ಲಿ ಇಬ್ಬರೂ ಅತ್ತೆಯೇ. ಮನೆಗೆ ಮರಾಠಿ ಸೊಸೆ ಬಂದಿದ್ದರೆ ಒಮ್ಮೆ ಬಿಡಿಸಿ ಹೇಳಿದರೆ ಸಾಕು, ಆಮೇಲೆ ಆಕೆಯೇ ಎಲ್ಲರಿಗೂ ಹೇಳಿಕೊಡುತ್ತಾಳೆ.

ಹೆಸರು ಹೊಂದದಿದ್ದರೆ ಗಾಬರಿಯಾಗಬೇಡಿ. ಅಲ್ಲಿಯ ಹಳೆಯ ದಾಖಲೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಊರಲ್ಲಿ ಬರೀ ಇನಿಶಿಯಲ್ ಇದ್ದವರು ಅಲ್ಲಿ ಊರ ಹೆಸರಿಗೆ ‘ಕರ’ ಹಚ್ಚಿಕೊಂಡು ಅದನ್ನೇ ಅಡ್ಡಹೆಸರು ಮಾಡಿಕೊಂಡಿರುತ್ತಾರೆ. ಖಾತ್ರಿ ಮಾಡಿಕೊಳ್ಳಲು ಹೆಸರಿಗಿಂತ ಮನೆದೇವರನ್ನು ಕೇಳುವುದು ಮೇಲು. ಮೂರು ತಲೆಮಾರು ಕಳೆದರೂ ಮನೆದೇವರು ಸುಲಭಕ್ಕೆ ಮರೆಯುವುದಿಲ್ಲ.

ಇನ್ನೊಂದು ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. ಎರಡೂ ಕಡೆ ಈ ನಡುವೆ ತೀರಿಕೊಂಡವರು ಯಾರ‍್ಯಾರು ಎಂದು ಫೋನಿನಲ್ಲೇ ತಿಳಿದುಕೊಳ್ಳಿ. ಚಹಾ ಕುಡಿಯುತ್ತ ‘ಮಾಮಾ ಎಲ್ಲಿ, ಕಾಣಸವಲ್ರು?’ ಎಂದು ಕೇಳಿ, ಆ ಮಾಮಾ ಹೋಗಿ ಎರಡು ವರ್ಷವಾಗಿದ್ದರೆ ಆ ಮನೆಯ ಮಾತು ಅಲ್ಲಿಗೇ ಕೂತುಬಿಡುತ್ತದೆ. ‘ತಿಳಸಲಿಲ್ಲ ನೀವು’ ಎಂಬ ದೂರು ಎರಡೂ ಕಡೆ ಇರುತ್ತದೆ. ಅದು ಮೊದಲೇ ಫೋನಿನಲ್ಲಿ ಆಡಿ ಮುಗಿದರೆ ಒಳ್ಳೆಯದು.

ಕಾಗದದ ವಿಷಯಕ್ಕೆ ಬರೋಣ. ಮನೆತನದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು ನಿಜ, ಆದರೆ ಕೂತ ಕೂಡಲೇ ಅದನ್ನು ಬಿಚ್ಚಿ ‘ವಂಶವೃಕ್ಷ ತಂದೇವ್ರಿ’ ಅನ್ನಬಾರದು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆಂದು ನಾಡಕಚೇರಿಯಿಂದ ಪಡೆಯುವ ಕಾಗದದ ಹೆಸರೂ ವಂಶವೃಕ್ಷವೇ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿ ಬಂದ ಮೇಲೆ, ಮುಂಬಯಿಗೆ ಕೊಟ್ಟ ಮಗಳ ಸಹಿಗಾಗಿ ಊರಿನಿಂದ ಎಷ್ಟೋ ಜನ ಬಂದುಹೋಗಿದ್ದಾರೆ. ಹಾಗಾಗಿ ಅಪರೂಪಕ್ಕೆ ಬಂದ ಬಳಗದ ಕೈಯಲ್ಲಿ ಕಾಗದ ಕಂಡರೆ ಆ ಮನೆಯವರು ಬಿಗಿಯಾಗುತ್ತಾರೆ, ಆಗುವುದು ಸಹಜ. ‘ಆಸ್ತಿ ಮಾತಿಗೆ ಬರಾಕತ್ತಿಲ್ಲ, ಭೇಟಿಗೆ ಬರಾಕತ್ತೇವಿ’ ಎಂದು ಫೋನಿನಲ್ಲೇ ಸ್ಪಷ್ಟ ಹೇಳಿ. ನಿಜವಾಗಿಯೂ ಸಹಿ ಬೇಕಿದ್ದರೆ ಅದನ್ನೂ ಮೊದಲೇ ಹೇಳಿ. ಊಟ ಹಾಕಿಸಿಕೊಂಡು ಕೈತೊಳೆದ ಮೇಲೆ ಕಾಗದ ತೆಗೆಯುವುದು ನಂಬಿಕೆ ಕೆಡಿಸುವ ಕೆಲಸ.

ಪ್ರಯಾಣದಲ್ಲಿ ಜನ ಎಡವುವುದು ಒಂದೇ ಕಡೆ. ಹುಬ್ಬಳ್ಳಿಯಿಂದ ಬೆಳಗಾವಿ, ಮಿರಜ, ಪುಣೆ ಮೇಲೆ ಬರುವ ರೈಲು ಕಲ್ಯಾಣ ದಾಟಿ ಮುಂದೆ ದಾದರಕ್ಕೆ ಹೋಗುತ್ತದೆ. ಡೊಂಬಿವಲಿಗೆ ಹೋಗುವವರು ಕಲ್ಯಾಣದಲ್ಲೇ ಇಳಿಯಬೇಕು. ಅಲ್ಲಿಂದ ಮುಂಬಯಿ ಕಡೆಯ ಲೋಕಲ್‌ನಲ್ಲಿ ಠಾಕುರ್ಲಿ ಬಿಟ್ಟರೆ ಮುಂದಿನದೇ ಡೊಂಬಿವಲಿ. ರೈಲಿನ ಟಿಕೆಟ್ ಕಲ್ಯಾಣಕ್ಕೇ ಮುಗಿದಿದ್ದರೆ ಲೋಕಲ್‌ಗೆ ಬೇರೆ ಟಿಕೆಟ್ ತೆಗೆಯಬೇಕು. ಸೆಕೆಂಡ್ ಕ್ಲಾಸಿಗೆ 5 ರೂಪಾಯಿ. ರವಿವಾರ ಹಳಿ ದುರಸ್ತಿಗೆಂದು ಲೋಕಲ್ ಕಡಿಮೆ ಮಾಡುವ ಮೆಗಾ ಬ್ಲಾಕ್ ಇರುತ್ತದೆ, ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಶುರುವಾಗಿ ಮಧ್ಯಾಹ್ನದವರೆಗೆ. ಅದಕ್ಕೂ ಮೊದಲೇ ತಲುಪುವಂತೆ ಹೊರಡಿ. ಮನೆ ಸ್ಟೇಶನ್ನಿನ ಈಸ್ಟ್ ಕಡೆಯೋ ವೆಸ್ಟ್ ಕಡೆಯೋ ಎಂದು ಎರಡನೇ ಸಲ ಕೇಳಿ ಬರೆದುಕೊಳ್ಳಿ. ತಪ್ಪು ಕಡೆ ಇಳಿದರೆ ಗಂಟುಮೂಟೆ ಹೊತ್ತು ಹಳಿ ದಾಟುವ ಸೇತುವೆ ಹತ್ತಿ ಇಳಿಯಬೇಕಾಗುತ್ತದೆ. ಸೊಸೈಟಿಯ ಹೆಸರು, ವಿಂಗ್, ಫ್ಲ್ಯಾಟ್ ನಂಬರ್ ಕೈಯಲ್ಲಿದ್ದರೆ ಗೇಟಿನ ವಾಚ್‌ಮನ್ ರಿಜಿಸ್ಟರಿನಲ್ಲಿ ಬರೆಸಿಕೊಂಡು ಬಿಡುತ್ತಾನೆ.

ಎಷ್ಟು ಜನ ಹೋಗಬೇಕು? ನಾಲ್ವರು ಸಾಕು. ಮನೆ ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ. ಬೆಳಿಗ್ಗೆ ನಲ್ಲಿ ನೀರು ಬರುವ ಹೊತ್ತಿನಲ್ಲಿ ಆ ಮನೆಯವರಿಗೆ ಬೇರೆ ಯಾವುದಕ್ಕೂ ಬಿಡುವಿರುವುದಿಲ್ಲ, ಹತ್ತೂವರೆಗೆ ಬಾಗಿಲು ತಟ್ಟಿದರೆ ಸರಿ. ಸ್ನಾನ ಸ್ಟೇಶನ್ನಿನ ವೇಟಿಂಗ್ ರೂಮಿನಲ್ಲೇ ಮುಗಿಸಿಕೊಂಡು ಹೋದವರನ್ನು ಅವರು ಮರೆಯುವುದಿಲ್ಲ.

ಒಯ್ಯುವುದಕ್ಕೆ ಕುಂದಾ, ಪೇಡ ಎಲ್ಲರೂ ನೆನೆಯುತ್ತಾರೆ. ಖವಾದ ಸಿಹಿ ಮುಂಬಯಿಯ ಸೆಕೆಗೆ ಬೇಗ ಕೆಡುತ್ತದೆ, ಅರ್ಧ ಕಿಲೋ ಮೇಲೆ ಬೇಡ. ಬಾಳಿಕೆ ಬರುವುದು ಕರದಂಟು. ಆದರೆ ಹಿರಿಯರ ಕಣ್ಣು ಅರಳುವುದು ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ ಕಂಡಾಗ. ರೊಟ್ಟಿ ಇಪ್ಪತ್ತು, ಹಿಂಡಿ ಕಾಲು ಕಾಲು ಕಿಲೋ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕಲ್ಯಾಣಕ್ಕೆ ಬರುವಷ್ಟರಲ್ಲಿ ಪುಡಿ. ಜೊತೆಗೆ ಉಡಿ ತುಂಬಲು ಒಂದು ಗುಳೇದಗುಡ್ಡದ ಖಣ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನಕೊಂಬು. ಮರಾಠಿಯಲ್ಲಿ ಇದೇ ‘ಓಟಿ’. ಭಾಷೆ ಮರೆತ ಮನೆಯಲ್ಲೂ ಇದಕ್ಕೆ ಯಾರೂ ಅರ್ಥ ಕೇಳುವುದಿಲ್ಲ, ಸೆರಗು ಒಡ್ಡುತ್ತಾರೆ.

ಊಟದ ನಂತರದ ಎರಡು ತಾಸು ಹಿರಿಯರದ್ದು. ‘ಯಾವ ಇಸವಿ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಕೊಯ್ನಾ ಭೂಕಂಪ ಆದಾಗ ಎಲ್ಲಿದ್ರಿ?’ ಎಂದು ಕೇಳಿ. ಅದು 1967ರ ಡಿಸೆಂಬರ್. ‘ಗಿರಣಿ ಸಂಪಿಗಿಂತ ಮೊದಲೋ ಆಮೇಲೋ?’ ಎಂದರೆ 1982ರ ಆಚೆಯೋ ಈಚೆಯೋ ಗೊತ್ತಾಗುತ್ತದೆ. ಹೀಗೆ ಕೇಳುತ್ತ ಹೋದರೆ ಖೋಲಿಯ ನಂಬರಿನಿಂದ ಹಿಡಿದು ಪಕ್ಕದ ಖೋಲಿಯಲ್ಲಿದ್ದವರ ಊರಿನವರೆಗೆ ನೆನಪು ಬಿಚ್ಚಿಕೊಳ್ಳುತ್ತದೆ. ನಡುವೆ ತಿದ್ದಬೇಡಿ. ಊರಿನ ಕಥೆ ನಿಮಗೆ ಬೇರೆ ಗೊತ್ತಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ, ಅಷ್ಟೇ.

ಹಳೆಯ ಅಲ್ಬಮ್ ಹೊರಬರುವುದು ಆಗಲೇ. ಕರಿ ಹಾಳೆಗೆ ಅಂಟಿಸಿದ ಫೋಟೋವನ್ನು ಕಿತ್ತು ನೋಡಬೇಡಿ, ಮೂಲೆ ಹರಿಯುತ್ತದೆ. ಅಲ್ಬಮ್ಮನ್ನೇ ಕಿಟಕಿಯ ಹತ್ತಿರ ಒಯ್ದು, ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು, ಟ್ಯೂಬ್‌ಲೈಟ್ ಆರಿಸಿ, ಮೊಬೈಲನ್ನು ನೇರ ಮೇಲಿನಿಂದ ಹಿಡಿದು ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಮುಖದ ಮೇಲೆ ಬಿಳಿ ಚುಕ್ಕೆ. ಬಿಡಿ ಫೋಟೋ ಇದ್ದರೆ ಹಿಂಬದಿಯನ್ನೂ ತೆಗೆಯಿರಿ. ಸ್ಟುಡಿಯೋದ ಮುದ್ರೆ, ಪೆನ್ಸಿಲ್ಲಿನ ಬರಹ ಅಲ್ಲೇ ಇರುತ್ತದೆ. ಎಡದಿಂದ ಬಲಕ್ಕೆ ಯಾರು ಯಾರೆಂದು ಹಿರಿಯರ ಬಾಯಿಂದ ಅಲ್ಲೇ ಹೇಳಿಸಿ ಬರೆದುಕೊಳ್ಳಿ.

ಊರಿಗೆ ಬಂದ ವಾರದೊಳಗೆ ಆ ಫೋಟೋಗಳ ಎರಡು ಪ್ರತಿ ಹಾಕಿಸಿ. ಒಂದು ನಿಮಗೆ, ಒಂದು ಅಂಚೆಯಲ್ಲಿ ಅವರಿಗೆ. ಹಿಂದೆ ಹೆಸರುಗಳನ್ನು ಕನ್ನಡದಲ್ಲೂ ದೇವನಾಗರಿಯಲ್ಲೂ ಬರೆಯಿರಿ; ಹಿರಿಯರು ಕನ್ನಡದ್ದನ್ನು ಓದುತ್ತಾರೆ, ಮೊಮ್ಮಕ್ಕಳು ಇನ್ನೊಂದನ್ನು.